ನೀರು ಏರಲಿ, ಆಮೇಲೆ ಹೋದರಾಯ್ತು

ತೆಂಗಿನಗುಂಡಿ ಬಂದರಿನಿಂದ ಗೆಳೆಯನ ಹೊಳೆಮನೆಗೆ ಹೋಗಲು ಆಗ ಎರಡು ದಾರಿಗಳಿದ್ದವು. ಗಜನಿ ಗದ್ದೆಯ ಒಡ್ಡಿನ ಮೇಲೆ ಚಪ್ಪಲಿ ಕೈಯಲ್ಲಿ ಹಿಡಿದು ನಡೆಯುವುದು ಒಂದು. ವೆಂಕಟಾಪುರ ಹೊಳೆಯೊಳಗೆ ನುಗ್ಗುವ ಏರುನೀರಿನ ಜೊತೆ ಪಾತಿದೋಣಿಯಲ್ಲಿ ಸಾಗುವುದು ಇನ್ನೊಂದು. ಒಡ್ಡಿನ ದಾರಿಯೇ ಹತ್ತಿರದ್ದು. ಆದರೆ ದೋಣಿ ಇರುವಾಗ ಒಡ್ಡು ಯಾರಿಗೆ ಬೇಕಿತ್ತು?

ನಾವು ಹೊನ್ನಾವರದ ಎಸ್‌ಡಿಎಂ ಕಾಲೇಜಿನಲ್ಲಿ ಒಟ್ಟಿಗೆ ಓದಿದವರು. ಪರೀಕ್ಷೆ ಮುಗಿದ ಮೇ ತಿಂಗಳಲ್ಲಿ ಭಟ್ಕಳಕ್ಕೆ ಬಸ್ಸು ಹತ್ತಿ, ಅಲ್ಲಿಂದ ಬಂದರಿಗೆ ಬಂದು ನಿಂತರೆ ಮೊದಲು ಎದುರುಗೊಳ್ಳುತ್ತಿದ್ದುದು ಒಣಮೀನಿನ ವಾಸನೆ. ಮಳೆಗಾಲಕ್ಕೆಂದು ಬಂಗಡೆ, ಶೆಟ್ಲಿ ಒಣಗಿಸುವ ಕಾಲ ಅದು. ಜೂನ್ 1 ಬಂತೆಂದರೆ ಯಾಂತ್ರಿಕ ದೋಣಿಗಳು ಕಡಲಿಗಿಳಿಯುವಂತಿಲ್ಲ. ಹಾಗಾಗಿ ಬಂದರಿನಲ್ಲಿ ಎಲ್ಲರಿಗೂ ಕೊನೆಯ ಗಡಿಬಿಡಿ. ಆ ಗಡಿಬಿಡಿಯ ನಡುವೆ ಏನೂ ಅವಸರವಿಲ್ಲದೆ ಬೀಡಿ ಸೇದುತ್ತ ಕೂತಿರುತ್ತಿದ್ದವರು ಗೆಳೆಯನ ಚಿಕ್ಕಪ್ಪ. ದೋಣಿ ಅವರದು, ಹೊರಡುವ ಹೊತ್ತೂ ಅವರದೇ.

“ಹೊರಡುವನಾ ಚಿಕ್ಕಪ್ಪಾ?” ಅಂದರೆ, “ನೀರಿಗೇ ಅವಸರ ಇಲ್ಲ, ನಿಮಗೆ ಎಂತಕ್ಕೆ ಮಾರಾಯ್ರೆ?” ಅನ್ನುತ್ತಿದ್ದರು.

ಅವರ ಕೈಗೆ ಗಡಿಯಾರ ಇದ್ದ ನೆನಪಿಲ್ಲ. ತಿಥಿ ಗೊತ್ತಿದ್ದರೆ ಸಾಕಿತ್ತು. ಹುಣ್ಣಿಮೆ, ಅಮಾವಾಸ್ಯೆಗೆ ಮಧ್ಯಾಹ್ನಕ್ಕೆ ತುಸು ಮುಂಚೆ ನೀರು ತುಂಬುತ್ತದೆ, ಸಂಜೆಗೆ ಪೂರ್ತಿ ಇಳಿಯುತ್ತದೆ. ಅಲ್ಲಿಂದ ಮುಂದೆ ದಿನಕ್ಕೆ ಮುಕ್ಕಾಲು ಗಂಟೆಗಿಂತ ಸ್ವಲ್ಪ ಹೆಚ್ಚು ತಡ. ಈ ಲೆಕ್ಕದ ಮೇಲೆ ಅವರು ಬಲೆ ಹಾಕುತ್ತಿದ್ದರು, ನೆಂಟರನ್ನು ಕರೆಯುತ್ತಿದ್ದರು, ಪೇಟೆಗೆ ಹೋಗುತ್ತಿದ್ದರು. ಗುಜರಾತಿನ ಖಂಭಾತದ ಕಡೆ ಕಡಲು ಹತ್ತು ಮೀಟರಿನಷ್ಟು ಏರಿ ಇಳಿಯುತ್ತದೆ. ನಮ್ಮ ಕರಾವಳಿಯಲ್ಲಿ ಹುಣ್ಣಿಮೆಗೂ ಒಂದೂವರೆ ಮೀಟರಿನ ಆಸುಪಾಸು. ಆದರೆ ಹೂಳು ತುಂಬಿದ ಅಳವೆಯಲ್ಲಿ, ಮೊಣಕಾಲುದ್ದದ ನೀರಿನಲ್ಲಿ ದೋಣಿ ದಾಟಿಸುವವರಿಗೆ ಆ ಒಂದೂವರೆ ಮೀಟರೇ ಸರ್ವಸ್ವ.

ದೋಣಿಗೆ ಗೇರುಬೀಜದ ಸಿಪ್ಪೆಯ ಎಣ್ಣೆ ಬಳಿದು ಕಪ್ಪಾಗಿರುತ್ತಿತ್ತು. ಹೊಸದಾಗಿ ಬಳಿದಿದ್ದರೆ ನಮ್ಮ ಬಿಳಿ ಅಂಗಿಗಳ ಕತೆ ಮುಗಿಯಿತು. ಬಲಕ್ಕೆ ಬಂದರಿನ ದೋಣಿಗಳು, ಎಡಕ್ಕೆ ಆಚೆ ದಂಡೆಯಲ್ಲಿ ಅಳ್ವೆಕೋಡಿ, ಬೆನ್ನ ಹಿಂದೆ ಕಡಲು. ಚಿಕ್ಕಪ್ಪ ಹುಟ್ಟು ಹಾಕುತ್ತಿದ್ದುದು ಕಡಿಮೆ. ಬಿದಿರಿನ ಗಳದಿಂದ ಒಮ್ಮೆ ನೂಕಿದರೆ ಉಳಿದದ್ದನ್ನು ಏರುನೀರೇ ನೋಡಿಕೊಳ್ಳುತ್ತಿತ್ತು. ಕಾಂಡ್ಲಾ ಗಿಡಗಳ ಬೇರು ಒಂದೊಂದಾಗಿ ಮುಳುಗುತ್ತ ಬರುತ್ತಿದ್ದವು. ನಾನು ಮಿರ್ಜಾನದ ಕಡೆಯವನು, ಅಘನಾಶಿನಿಯ ವಿಸ್ತಾರ ನೋಡಿ ಬೆಳೆದವನು. ಐಗಳಕುರ್ವೆಯ ಸುತ್ತ ಹರಡುವ ಆ ನೀರಿನ ಮುಂದೆ ಈ ವೆಂಕಟಾಪುರ ಹೊಳೆ ಎಷ್ಟರದು ಎಂದು ಮೊದಲ ಸಲ ಜಂಬ ಕೊಚ್ಚಿದ್ದೆ. ಚಿಕ್ಕಪ್ಪ ಏನೂ ಅನ್ನದೆ ಗಳವನ್ನು ನನ್ನ ಕೈಗೆ ಕೊಟ್ಟರು. ದೋಣಿ ಇದ್ದಲ್ಲೇ ಗಾಣದ ಎತ್ತಿನ ಹಾಗೆ ಸುತ್ತು ಹೊಡೆಯಿತು. ಗೆಳೆಯರು ಇವತ್ತಿಗೂ ಅದನ್ನು ನನ್ನ ಹೆಂಡತಿಯ ಮುಂದೆ ಆಡಿ ತೋರಿಸುತ್ತಾರೆ.

ಚಿರೆಕಲ್ಲಿನ ಗೋಡೆ, ಮಂಗಳೂರು ಹಂಚು, ಹೊಳೆಯ ಕಡೆಗೆ ಉದ್ದನೆಯ ಜಗಲಿ, ಸುತ್ತ ತೆಂಗು. ಅಜ್ಜ ಕಟ್ಟಿಸಿದ ಮನೆ. ಅಣ್ಣತಮ್ಮಂದಿರು ಮುಂಬಯಿ, ಹುಬ್ಬಳ್ಳಿ ಎಂದು ಚದುರಿದ್ದರೂ ಮೇ ತಿಂಗಳಲ್ಲಿ ಎಲ್ಲ ಸಂಸಾರಗಳೂ ಅಲ್ಲಿ ಬಂದು ಬೀಳುತ್ತಿದ್ದವು. ಮುಂಬಯಿಯ ದೊಡ್ಡಪ್ಪ ರಾತ್ರಿಯಿಡೀ ಬಸ್ಸಿನಲ್ಲಿ ಕೂತು ಬಂದು, ಎರಡು ದಿನ ಸೊಂಟ ಹಿಡಿದುಕೊಂಡೇ ಓಡಾಡುತ್ತಿದ್ದರು. 1998ರಲ್ಲಿ ಕೊಂಕಣ ರೈಲು ಪೂರ್ತಿ ಓಡತೊಡಗಿದ ಮೇಲೆ ಅವರ ಸೊಂಟ ಸರಿಯಾಯಿತು, ಮಾತು ಹೆಚ್ಚಾಯಿತು. ಜಗಲಿಯ ಮೇಲೆ ಅವರ ಇಸ್ಪೀಟು ಆಟಕ್ಕೆ ನಾವು ಖಾಯಂ ಗಿರಾಕಿಗಳು. ಮೋಸ ಮಾಡುತ್ತಿದ್ದರು, ಹಿರಿಯರಾದ್ದರಿಂದ ಸಹಿಸಿಕೊಳ್ಳುತ್ತಿದ್ದೆವು.

ಆದರೆ ಆ ಮನೆಯ ಯಜಮಾನಿಕೆ ಇದ್ದದ್ದು ಗೆಳೆಯನ ಅಮ್ಮನ ಕೈಯಲ್ಲಿ. ಹಿಂದಿನ ದಿನದ ಇಳಿತದಲ್ಲಿ ಹೊಳೆಗಿಳಿದು ತಾವೇ ಆರಿಸಿ ತಂದ ಬಳಚನ್ನು ಅವರು ರಾತ್ರಿಯಿಡೀ ನೀರಲ್ಲಿ ಹಾಕಿ ಮರಳು ಬಿಡಿಸಿರುತ್ತಿದ್ದರು. ತೆಂಗಿನಕಾಯಿ ಧಾರಾಳ ಹಾಕಿದ ಬಳಚಿನ ಸುಕ್ಕ, ಕಾಣೆಮೀನಿನ ಸಾರು, ಕುಚ್ಚಲಕ್ಕಿ ಅನ್ನ, ಕೊನೆಗೆ ಲೋಟದಲ್ಲಿ ಮುರುಗಲ ಹಣ್ಣಿನ ಕಡಿ. ನಮ್ಮಲ್ಲೊಬ್ಬ ಹವ್ಯಕರ ಹುಡುಗನಿದ್ದ. ಅವನಿಗೆಂದು ಬೇರೆ ಒಲೆ, ಬೇರೆ ಪಾತ್ರೆ, ಹಲಸಿನಕಾಯಿ ಪಲ್ಯ. ಅದನ್ನು ಅವರು ಯಾವತ್ತೂ ಹೇಳಿ ತೋರಿಸಲಿಲ್ಲ. ಎರಡನೇ ವರ್ಷ ಅವನು ಮೆಲ್ಲನೆ ಬಳಚಿನ ಬಟ್ಟಲಿನ ಕಡೆ ಕಣ್ಣು ಹಾಯಿಸಿದಾಗ, “ನಿನ್ನ ಅಮ್ಮನ ಹತ್ರ ಕೇಳ್ಕಂಡು ಬಾ, ಆಮೇಲೆ ಬಡಿಸ್ತೆ” ಅಂದಿದ್ದರು.

ಊಟ ಎರಡು ಗಂಟೆಗೆ ಮುಗಿದರೆ ಹೊರಡಲು ಸರಿಯಾದ ಹೊತ್ತು. ಇಳಿಯುವ ನೀರು ದೋಣಿಯನ್ನು ತಾನಾಗಿಯೇ ಬಂದರಿಗೆ ಮುಟ್ಟಿಸುತ್ತಿತ್ತು. ಆದರೆ ಊಟ ಎರಡಕ್ಕೆ ಮುಗಿದದ್ದೇ ಇಲ್ಲ. ಹಪ್ಪಳ ಸುಡುವುದಿತ್ತು, ಎಳನೀರು ಕೆಡವುವುದಿತ್ತು, ದೊಡ್ಡಪ್ಪನ ಇನ್ನೊಂದು ಆಟವಿತ್ತು. ನಾಲ್ಕೂವರೆಗೆ ಎದ್ದು ನೋಡಿದರೆ ದೋಣಿ ಕೆಸರಿನಲ್ಲಿ ಕೂತಿರುತ್ತಿತ್ತು, ಸುತ್ತ ಬೆಳ್ಳಕ್ಕಿಗಳು. “ಅಯ್ಯೋ, ನೀರು ಹೋಯ್ತಲ್ಲ! ಏರಲಿ, ಆಮೇಲೆ ಹೋದರಾಯ್ತು” ಎಂದು ಅಮ್ಮ ಒಳಗೆ ಹೋಗುತ್ತಿದ್ದರು. ನೀರು ಏರುವುದು ಮತ್ತೆ ರಾತ್ರಿಯ ಊಟದ ಹೊತ್ತಿಗೆ. ಅಷ್ಟು ಹೊತ್ತಿನ ಮೇಲೆ ಹುಡುಗರನ್ನು ಅಳವೆಯ ಕಡೆಗೆ ಯಾರು ಕಳಿಸುತ್ತಾರೆ? ಚಾಪೆಗಳು ಜಗಲಿಗೆ ಬರುತ್ತಿದ್ದವು. ಇದೆಲ್ಲ ಆಕಸ್ಮಿಕ ಎಂದೇ ನಾವು ಎಷ್ಟೋ ವರ್ಷ ನಂಬಿದ್ದೆವು.

ಈಗ ಒಡ್ಡಿನ ಮೇಲೆ ರಸ್ತೆ ಬಂದಿದೆ, ಕಾರು ಅಂಗಳದವರೆಗೆ ಹೋಗುತ್ತದೆ. ಅದು ಒಳ್ಳೆಯದೇ, ಮಳೆಗಾಲದಲ್ಲಿ ಆ ಮನೆಯಲ್ಲಿ ಯಾರಿಗಾದರೂ ಜ್ವರ ಬಂದರೆ ಪಡುತ್ತಿದ್ದ ಪಾಡು ನನಗೂ ಗೊತ್ತು. ಆದರೆ ಕಾರಿನಲ್ಲಿ ಹೋದವರು ಊಟ ಮುಗಿಸಿ ಕೈ ಒರೆಸಿಕೊಳ್ಳುತ್ತಲೇ ಕೀಲಿಕೈ ಹುಡುಕುತ್ತಾರೆ, ನಾನೂ ಸೇರಿ. ಚಿಕ್ಕಪ್ಪ ಇಲ್ಲ. ದೊಡ್ಡಪ್ಪ ಮುಂಬಯಿಯಲ್ಲೇ ಉಳಿದುಬಿಟ್ಟಿದ್ದಾರೆ. ದೋಣಿಯನ್ನು ಗೆಳೆಯ ಹೋದ ವರ್ಷ ಹಲಗೆ ಬದಲಿಸಿ, ಎಣ್ಣೆ ಬಳಿದು ನೀರಿಗಿಳಿಸಿದ್ದಾನೆ. ತಿಥಿಯ ಲೆಕ್ಕ ಅವನಿಗೆ ಬರುವುದಿಲ್ಲ, ಮೊಬೈಲಿನಲ್ಲಿ ಉಬ್ಬರವಿಳಿತದ ಪಟ್ಟಿ ನೋಡುತ್ತಾನೆ.

ಈ ಮೇ ತಿಂಗಳಿಗೆ ಎಲ್ಲರೂ ಸೇರುವುದೆಂದು ಮೊನ್ನೆ ಫೋನಿನಲ್ಲಿ ಮಾತಾಯಿತು. ಪಟ್ಟಿ ನೋಡಿದ ಗೆಳೆಯ, “ಸಪ್ತಮಿಗೆ ಬನ್ನಿ. ಸಂಜೆ ಐದರ ಹೊತ್ತಿಗೆ ನೀರು ತುಂಬಿರ್ತದೆ, ಆರಾಮಾಗಿ ವಾಪಸ್ ಹೋಗಬಹುದು” ಅಂದ. ಹಿಂದಿನಿಂದ ಅಮ್ಮನ ದನಿ ಕೇಳಿಸಿತು. ಎಂಬತ್ತು ದಾಟಿದ ದನಿ, ಆದರೆ ಲೆಕ್ಕ ತಪ್ಪಿರಲಿಲ್ಲ.

“ಸಪ್ತಮಿ ಗಿಪ್ತಮಿ ಬೇಡ. ಹುಣ್ಣಿಮೆಗೆ ಬರೂಕೆ ಹೇಳು. ಕಾರು ಬಂದರದಲ್ಲೇ ಇರಲಿ.”