ಗಡಿ ಠಾಣೆಯ ಓಲೆಗಳು

ರೋಮ್ ಸಾಮ್ರಾಜ್ಯವೆಂದೊಡನೆ ನಮ್ಮ ಕಣ್ಣ ಮುಂದೆ ನಿಲ್ಲುವುದು ಸೀಸರರು, ವಿಜಯದ ಮೆರವಣಿಗೆಗಳು, ಸೆನೆಟ್ ಸಭೆಯ ಭಾಷಣಗಳು. ಶಾಲೆಯಲ್ಲಿ ನಾವು ಬಾಯಿಪಾಠ ಮಾಡಿದ ಚರಿತ್ರೆ ಅಷ್ಟೇ. ಆದರೆ ಒಂದು ಸಾಮ್ರಾಜ್ಯದ ನಿಜವಾದ ಮುಖ ರಾಜಧಾನಿಯಲ್ಲಿ ಕಾಣುವುದಿಲ್ಲವೆಂದು ನನಗೆ ತೋರುತ್ತದೆ. ಅದನ್ನು ನೋಡಬೇಕಾದರೆ ಗಡಿಗೆ ಹೋಗಬೇಕು. ಮಳೆ, ಚಳಿ, ಕೆಟ್ಟ ರಸ್ತೆ, ತಡವಾಗಿ ಬರುವ ಓಲೆ ಇವುಗಳ ನಡುವೆ ಆಳುವವರು ಹೇಗೆ ಬಾಳಿದರೆಂದು ವಿಚಾರಿಸಬೇಕು.

ಅಂಥ ಒಂದು ಗಡಿನಾಡು ಬ್ರಿಟನ್. ಕ್ರಿ. ಶ. ೪೩ರಲ್ಲಿ ರೋಮನ್ನರು ಆ ದ್ವೀಪವನ್ನು ಗೆಲ್ಲಲು ಸೈನ್ಯ ಇಳಿಸಿದರು. ೪೧೦ರ ಸುಮಾರಿಗೆ ಅಲ್ಲಿ ಅವರ ಆಳ್ವಿಕೆ ಮುಗಿಯಿತು. ಅದರ ಉತ್ತರದ ಅಂಚಿನಲ್ಲಿದ್ದ ಕೋಟೆ ವಿಂಡೊಲಾಂಡ. ೧೯೭೩ರಲ್ಲಿ ರಾಬಿನ್ ಬರ್ಲಿ ಎಂಬ ವಿದ್ವಾಂಸರು ಅಲ್ಲಿ ಉತ್ಖನನ ನಡೆಸುತ್ತಿದ್ದಾಗ ಒದ್ದೆ ಮಣ್ಣಿನಲ್ಲಿ ತೆಳುವಾದ ಮರದ ಹಲಗೆಗಳು ಸಿಕ್ಕವು. ಗಾತ್ರ ನಮ್ಮ ಅಂಚೆಯ ಕಾರ್ಡಿನಷ್ಟು. ಮೇಲೆ ಮಸಿಯಿಂದ ಬರೆದ ಲ್ಯಾಟಿನ್ ಅಕ್ಷರಗಳು. ಗಾಳಿಯಾಡದ ಕೆಸರು ಅವನ್ನು ಹತ್ತೊಂಬತ್ತು ಶತಮಾನ ಜೋಪಾನ ಮಾಡಿತ್ತು. ಈವರೆಗೆ ಇಂಥವು ಸಾವಿರಕ್ಕೂ ಮಿಕ್ಕಿ ದೊರೆತಿವೆ.

ಅವುಗಳಲ್ಲಿ ಒಂದು ಸೈನ್ಯದ ಹಾಜರಿ ಪಟ್ಟಿ. ಪಟ್ಟಿಯಲ್ಲಿ ೭೫೨ ಮಂದಿ; ಕೋಟೆಯಲ್ಲಿ ಇರುವವರು ೨೯೬. ಮಿಕ್ಕವರು ಬೇರೆ ಬೇರೆ ಕೆಲಸಕ್ಕೆ ಹೋಗಿದ್ದಾರೆ. ೪೬ ಮಂದಿಯಂತೂ ಪ್ರಾಂತಾಧಿಪತಿಯ ಮೈಗಾವಲಿಗೆ! ಇರುವವರಲ್ಲೂ ೧೫ ಮಂದಿಗೆ ಕಾಯಿಲೆ, ೬ ಮಂದಿಗೆ ಗಾಯ, ೧೦ ಮಂದಿಗೆ ಕಣ್ಣುಬೇನೆ. ಕಚೇರಿಯ ಹಾಜರಿ ಪುಸ್ತಕವನ್ನು ನೋಡಿ ಬಲ್ಲವರಿಗೆ ಇದರಲ್ಲಿ ಆಶ್ಚರ್ಯವೇನೂ ಕಾಣದು.

ಇನ್ನುಳಿದವು ಮನೆಮಾತಿನ ಓಲೆಗಳು. ಯಾರೋ ಯಾರಿಗೋ ಕಾಲುಚೀಲ, ಎರಡು ಜೊತೆ ಚಪ್ಪಲಿ, ಎರಡು ಒಳಚಡ್ಡಿ ಕಳುಹಿಸಿದ್ದಾರೆ. ಮಾಸ್ಕ್ಲಸ್ ಎಂಬ ದಳಪತಿ ನಾಳೆಯ ಕೆಲಸವೇನೆಂದು ಕೇಳುತ್ತ, ತನ್ನವರಿಗೆ ಬಿಯರ್ ಮುಗಿದಿದೆ, ದಯವಿಟ್ಟು ಕಳುಹಿಸಬೇಕು ಎಂದು ಸೇರಿಸುತ್ತಾನೆ. ಸೊಲೆಮ್ನಿಸ್ ಎಂಬವನು ಗೆಳೆಯನ ಮೇಲೆ ಮುನಿದಿದ್ದಾನೆ: ನನಗೆ ಒಂದಾದರೂ ಕಾಗದ ಬರೆಯಬಾರದೇ? ಪರಸ್ಥಳದಲ್ಲಿ ಸಂಸಾರ ಹೂಡಿದ ನಮ್ಮಲ್ಲಿ ಈ ಮಾತನ್ನು ಕೇಳದವರು ಯಾರಿದ್ದಾರೆ?

ಎಲ್ಲಕ್ಕಿಂತ ನನ್ನ ಮನಸ್ಸನ್ನು ಸೆಳೆದದ್ದು ಕ್ಲಾಡಿಯಾ ಸೆವೆರಾಳ ಓಲೆ. ಆಕೆ ಒಬ್ಬ ಅಧಿಕಾರಿಯ ಹೆಂಡತಿ. ಕ್ರಿ. ಶ. ೧೦೦ರ ಸುಮಾರಿನಲ್ಲಿ ವಿಂಡೊಲಾಂಡದ ದಂಡನಾಯಕ ಸೆರಿಯಾಲಿಸನ ಮಡದಿ ಲೆಪಿಡಿನಾಳನ್ನು ಆಕೆ ಸೆಪ್ಟೆಂಬರ್ ೧೧ರ ತನ್ನ ಹುಟ್ಟುಹಬ್ಬಕ್ಕೆ ಕರೆಯುತ್ತಾಳೆ. ಓಲೆಯ ಮೈಯೆಲ್ಲ ಬರೆಹಗಾರನ ಕೈಬರಹ. ಕೊನೆಗೆ ಮಾತ್ರ ಆಕೆಯದೇ ಸೊಟ್ಟ ಅಕ್ಷರಗಳಲ್ಲಿ ಅಕ್ಕರೆಯ ಮಾತು. ಹೆಣ್ಣೊಬ್ಬಳು ಬರೆದ ಲ್ಯಾಟಿನ್ ಕೈಬರಹದ ಅತಿ ಹಳೆಯ ಮಾದರಿಗಳಲ್ಲಿ ಇದೊಂದು. ಅದನ್ನು ಓದಿದಾಗ ನಮ್ಮ ಅತ್ತೆಯವರ ನೆನಪಾಯಿತು. ಊರಿನಿಂದ ಮುಂಬಯಿಗೆ ಬರುತ್ತಿದ್ದ ಕಾಗದವನ್ನು ಅವರು ಪಕ್ಕದ ಮನೆಯ ಹುಡುಗನ ಕೈಲಿ ಬರೆಸಿ, ಕಡೆಯಲ್ಲಿ "ಮಕ್ಕಳು ಜೋಪಾನ" ಎಂಬೆರಡು ಪದಗಳನ್ನು ಮಾತ್ರ ತಾವೇ ಬರೆಯುತ್ತಿದ್ದರು. ನಾವು ಮೊದಲು ಓದುತ್ತಿದ್ದುದು ಅವೆರಡನ್ನೇ.

ಹೀಗೆ ಅಕ್ಕರೆ ತುಂಬಿದ ಈ ಜನ ಯಾರು? ಹೆಚ್ಚಿನವರು ರೋಮಿನವರಲ್ಲ. ಸೆರಿಯಾಲಿಸನ ಪಡೆ ರೈನ್ ನದಿಯ ಮುಖದಲ್ಲಿದ್ದ ಬಟಾವಿಯನ್ನರದು. ಅವರು ಕ್ರಿ. ಶ. ೬೯ರಲ್ಲಿ ರೋಮಿನ ಮೇಲೆಯೇ ದಂಗೆ ಎದ್ದಿದ್ದವರು. ಮೂವತ್ತು ವರ್ಷ ಕಳೆಯುವುದರೊಳಗೆ ಇನ್ನೊಬ್ಬರ ನಾಡಿನಲ್ಲಿ ರೋಮಿನ ಪರವಾಗಿ ಕಾವಲು ನಿಂತಿದ್ದಾರೆ. ಸೋತವರ ಕೈಯಿಂದಲೇ ಮತ್ತೊಬ್ಬ ಸೋತವನನ್ನು ಆಳಿಸುವುದು: ಸಾಮ್ರಾಜ್ಯದ ಗುಟ್ಟು ಇದು.

ಈ ಓಲೆಗಳಲ್ಲಿ ಆ ನಾಡಿನ ಮೂಲನಿವಾಸಿಗಳ ಮಾತು ಬಹಳ ಕಡಿಮೆ. ಒಂದು ಹಲಗೆಯಲ್ಲಿ ಅವರ ಯುದ್ಧದ ರೀತಿಯನ್ನು ವರ್ಣಿಸುತ್ತ ಬರೆದವನು 'ಬ್ರಿಟುಂಕುಲಿ' ಎಂದು ಕರೆದಿದ್ದಾನೆ. ಕನ್ನಡದಲ್ಲಿ ಹೇಳುವುದಾದರೆ 'ಈ ಯಃಕಶ್ಚಿತ್ ಬ್ರಿಟನ್ನರು'. ನಿನ್ನೆ ತಾವೂ ಅಂಥ ಹೆಸರನ್ನೇ ಕೇಳಿದ್ದ ಜನರ ನಡುವೆ ಆ ಪದ ಸಲೀಸಾಗಿ ಓಡಾಡಿತು.

ಮತ್ತೊಂದು ಓಲೆ ಇನ್ನೂ ಕಠೋರ. ಅದೊಂದು ಅಹವಾಲು; ಬರೆದವನು ವ್ಯಾಪಾರಿಯಾಗಿರಬೇಕು. ಅವನನ್ನು ಯಾರೋ ರಕ್ತ ಬರುವಂತೆ ಕೋಲಿನಿಂದ ಹೊಡೆದಿದ್ದಾರೆ. ದಂಡನಾಯಕನಿಗೆ ದೂರು ಕೊಡೋಣವೆಂದರೆ ಆತ ಅಸ್ವಸ್ಥ. ಕೆಳಗಿನ ಅಧಿಕಾರಿಗಳ ಹತ್ತಿರ ಹೇಳಿಕೊಂಡರೂ ಪ್ರಯೋಜನವಾಗಲಿಲ್ಲ. ಕಡೆಗೆ ದೊಡ್ಡ ಪ್ರಭುವಿನ ಮೊರೆ ಹೊಕ್ಕಿದ್ದಾನೆ. ರೋಮಿನ ಪೌರನನ್ನು ವಿಚಾರಣೆಯಿಲ್ಲದೆ ಹೊಡೆಯಬಾರದೆಂದು ಕಾಯಿದೆಯಿತ್ತು. ಓಲೆಯಲ್ಲಿ ಈಗ ಉಳಿದಿರುವ ಸಾಲುಗಳಲ್ಲಿ ಅವನು ಪೌರತ್ವದ ಮಾತೆತ್ತುವುದಿಲ್ಲ. ಅವನ ವಾದ ಇಷ್ಟೇ: ನಾನು ಕಡಲಾಚೆಯಿಂದ ಬಂದವನು, ನಿರಪರಾಧಿ.

ನಿರಪರಾಧಿ ಎಂಬುದು ಸರಿ. ಕಡಲಾಚೆಯವನು ಎಂಬುದನ್ನೇಕೆ ಸೇರಿಸಿದ? ಇಲ್ಲಿಯವನಾಗಿದ್ದರೆ ಹೊಡೆದರೂ ನಡೆಯುತ್ತಿತ್ತು ಎಂಬ ಭಾವ ಆ ಒಂದು ಮಾತಿನ ಹಿಂದೆ ಇದೆಯಲ್ಲವೇ? ಏಟಿನ ನೋವು ಬೆನ್ನ ಮೇಲೆ ಹಸಿಯಾಗಿರುವಾಗಲೂ, ಅದೇ ಏಟು ತಿನ್ನುವ ನೆರೆಯವನೊಡನೆ ನಿಲ್ಲಬೇಕೆಂದು ಅವನಿಗೆ ತೋರಲಿಲ್ಲ. ನಾನು ಅವನಂಥವನಲ್ಲ ಎಂದು ಬಿಡಿಸಿಕೊಳ್ಳುವುದೇ ಮುಖ್ಯವಾಯಿತು.

ನಾವು ಯಾರನ್ನೂ ಆಳಲು ಬಂದವರಲ್ಲ, ಹೊಟ್ಟೆಪಾಡಿಗೆ ಬಂದವರು. ಬ್ರಿಟನ್ನಿನ ಸಿಪಾಯಿಗೂ ನಮಗೂ ಅಷ್ಟು ದೂರವಿದೆ. ಆದರೂ ನಾಲ್ಕು ಮಂದಿ ಕನ್ನಡಿಗರು ಕಾಫಿಗೆ ಕೂತಾಗ "ಈ ಊರಿನ ಜನವೇ ಹೀಗೆ" ಎಂಬ ಮಾತು ಬಂದರೆ ನನಗೆ ಆ ಮರದ ಹಲಗೆ ಕಣ್ಣಿಗೆ ಕಟ್ಟುತ್ತದೆ. ನಾವು ಮುಂಬಯಿಗೆ ಬಂದ ಮೊದಲ ವಾರ, ನಲ್ಲಿಯಲ್ಲಿ ನೀರು ಬರುವ ಹೊತ್ತನ್ನು ತಿಳಿಸಿ, ಒಂದು ಹಂಡೆ ನೀರನ್ನೂ ಕೊಟ್ಟವರು ಎದುರು ಕೋಣೆಯ ಮರಾಠಿ ಅಜ್ಜಿ. ಊರಿಗೆ ಬರೆದ ನಮ್ಮ ಕಾಗದಗಳಲ್ಲಿ ಅವರ ಹೆಸರಿದೆ. ಎಂದಾದರೂ ಯಾರಾದರೂ ನಮ್ಮ ಓಲೆಗಳನ್ನು ಅಗೆದು ತೆಗೆದರೆ, ನಾವು ಏನು ಉಂಡೆವು, ಏನು ಉಟ್ಟೆವು ಎಂಬುದರ ಜೊತೆಗೆ ಆ ಹೆಸರೂ ಅವರಿಗೆ ಸಿಗಲಿ.