ಟಸ್ಕಲೂಸಾದ ಶನಿವಾರಗಳು

ಅಮೆರಿಕದ ದಕ್ಷಿಣದಲ್ಲಿರುವ ಅಲಬಾಮ ರಾಜ್ಯದಲ್ಲಿ, ಬ್ಲ್ಯಾಕ್ ವಾರಿಯರ್ ನದಿಯ ದಂಡೆಯ ಮೇಲಿನ ಊರು ಟಸ್ಕಲೂಸಾ. ಮೂಲನಿವಾಸಿಗಳ ಚಾಕ್ಟಾ ಭಾಷೆಯಲ್ಲಿ ಈ ಹೆಸರಿಗೆ ಕರಿಯ ಯೋಧ ಎಂದು ಅರ್ಥ. 1826ರಿಂದ 20 ವರ್ಷ ಇದು ರಾಜ್ಯದ ರಾಜಧಾನಿಯೂ ಆಗಿತ್ತು. ಆದರೆ ಊರು ಪ್ರಸಿದ್ಧವಾದದ್ದು 1831ರಲ್ಲಿ ಬಾಗಿಲು ತೆರೆದ ವಿಶ್ವವಿದ್ಯಾಲಯದಿಂದ. ಇನ್ನೂ ನಿಜ ಹೇಳಬೇಕೆಂದರೆ, ಅದರ ಫುಟ್‌ಬಾಲ್ ತಂಡದಿಂದ!

2020ರ ಜನಗಣತಿಯಲ್ಲಿ ಇಲ್ಲಿದ್ದವರು 99,600 ಮಂದಿ. ವಿಶ್ವವಿದ್ಯಾಲಯದ ಬ್ರಯಾಂಟ್-ಡೆನ್ನಿ ಕ್ರೀಡಾಂಗಣದಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಆಸನಗಳಿವೆ. ಆ ಜನಗಣತಿಯ ಲೆಕ್ಕದಲ್ಲಿ ಊರಿಗೆ ಊರೇ ಎದ್ದು ಬಂದಿದ್ದರೂ ಜಾಗ ಮಿಗುತ್ತಿತ್ತು. 1929ರಲ್ಲಿ ಶುರುವಾದಾಗ ಇಲ್ಲಿ ಹಿಡಿಯುತ್ತಿದ್ದುದು 12,000 ಮಂದಿ ಮಾತ್ರ. ಹೊರಗೆ ಐವರು ತರಬೇತುದಾರರ ಕಂಚಿನ ಪ್ರತಿಮೆಗಳು ಸಾಲಾಗಿ ನಿಂತಿವೆ. ವಿಶ್ವವಿದ್ಯಾಲಯದ ಆವರಣದಲ್ಲಿ ವಿಜ್ಞಾನಿಗಳಿಗಿಲ್ಲದ ಇಂಥ ಸಾಲು ಆಟದ ಮೇಷ್ಟರುಗಳಿಗೆ ಏಕೆ ಎಂದು ಕೇಳುವವರಿಗೆ ಅಲ್ಲಿ ಉತ್ತರ ಸಿಗುವುದು ಕಷ್ಟ.

ಶರತ್ಕಾಲದ ಶನಿವಾರಗಳಂದು ಗಂಟೆಗೋಪುರದ ಮುಂದಿನ ಹುಲ್ಲುಹಾಸಿನಲ್ಲಿ ಡೇರೆಗಳೇಳುತ್ತವೆ. ಎತ್ತ ನೋಡಿದರೂ ಕಡುಗೆಂಪು ಅಂಗಿಗಳು, ಸುಡುವ ಮಾಂಸದ ಹೊಗೆ. ಅಂಡಾಕಾರದ ಚೆಂಡನ್ನು ಕೈಯಲ್ಲೇ ಹಿಡಿದು ಓಡುವ ಈ ಆಟದ ಜೊತೆಗೇ ಒಂದು ಹಳೆಯ ಜಗಳವೂ ಬೆಳೆದಿದೆ: ಯಾವ ಕಾನ್ಫರೆನ್ಸ್ ಬಲಿಷ್ಠ?

ಕಾನ್ಫರೆನ್ಸ್ ಎಂದರೆ ಇಲ್ಲಿ ಸಭೆಯಲ್ಲ, ತಮ್ಮತಮ್ಮಲ್ಲಿ ಆಡಿಕೊಳ್ಳುವ ಕಾಲೇಜುಗಳ ಕೂಟ. ಅಲಬಾಮ ಇರುವುದು 1932ರಲ್ಲಿ ಹುಟ್ಟಿದ ಸೌತ್‌ಈಸ್ಟರ್ನ್ ಕೂಟದಲ್ಲಿ. 2006ರಿಂದ 2012ರವರೆಗೆ ಏಳು ಋತುಗಳ ರಾಷ್ಟ್ರೀಯ ಪ್ರಶಸ್ತಿ ಸತತವಾಗಿ ಈ ಕೂಟಕ್ಕೇ ಬಂತು. ಎದುರಾಳಿ, ಉತ್ತರದಲ್ಲಿ 1896ರಲ್ಲಿ ಹುಟ್ಟಿದ ಬಿಗ್ ಟೆನ್. ಹೆಸರಿಗೆ ಹತ್ತು. 2024ರಲ್ಲಿ ಪಶ್ಚಿಮ ಕರಾವಳಿಯ ನಾಲ್ಕು ಕಾಲೇಜುಗಳು ಸೇರಿದ ಮೇಲೆ ಲೆಕ್ಕಕ್ಕೆ 18! ಆ ಕರಾವಳಿಯ ಹಳೆಯ ಕೂಟದಲ್ಲಿ ಆ ವರ್ಷ ಉಳಿದವು ಎರಡೇ ಕಾಲೇಜು. ನೆರೆಹೊರೆಯವರ ಪಂದ್ಯ ಎಂಬ ಮೂಲ ಅರ್ಥ ಟಿ.ವಿ. ಹಣದ ಮುಂದೆ ನಿಲ್ಲಲಿಲ್ಲ.

ಜಗಳ ಬಗೆಹರಿಯದಿರಲು ಕಾರಣ ಗಣಿತದ್ದು. 2024ರಲ್ಲಿ ಉನ್ನತ ದರ್ಜೆಯ ತಂಡಗಳು 134. ಪ್ರತಿ ತಂಡ ಋತುವಿನಲ್ಲಿ ಆಡುವುದು ಸುಮಾರು 12 ಪಂದ್ಯ, ಅವುಗಳಲ್ಲಿ ಹೆಚ್ಚಿನವು ಸ್ವಂತ ಕೂಟದೊಳಗೇ. ಒಂದು ಶಾಲೆಯ ಮಕ್ಕಳು ತಮ್ಮೊಳಗೇ ಪರೀಕ್ಷೆ ಬರೆದುಕೊಂಡರೆ ಪಕ್ಕದ ಶಾಲೆಗಿಂತ ಜಾಣರೋ ಅಲ್ಲವೋ ತಿಳಿಯುವುದು ಹೇಗೆ? ಕೂಟದೊಳಗೆ ಒಬ್ಬರನ್ನೊಬ್ಬರು ಸೋಲಿಸಿದರೆ ಎಲ್ಲರೂ ಬಲಿಷ್ಠರು ಎನ್ನಬಹುದು, ಎಲ್ಲರೂ ಸಾಧಾರಣ ಎಂದೂ ಅನ್ನಬಹುದು.

2024ರಲ್ಲಿ ಈ ಗೊಂದಲ ಅಲಬಾಮಕ್ಕೇ ತಟ್ಟಿತು. ಅಕ್ಟೋಬರ್ 5ರಂದು ತನ್ನದೇ ಕೂಟದ ವಾಂಡರ್‌ಬಿಲ್ಟ್‌ಗೆ 40-35ರಲ್ಲಿ ಸೋತಿತು. 1984ರಿಂದ ಈಚೆಗೆ ಆ ತಂಡದ ಎದುರು ಇದೇ ಮೊದಲ ಸೋಲು. ಕೊನೆಗೆ 9 ಗೆಲುವು, 3 ಸೋಲು. ಡಿಸೆಂಬರ್‌ನಲ್ಲಿ ಅಂತಿಮ ಸುತ್ತಿಗೆ 12 ತಂಡಗಳನ್ನು ಆರಿಸಿದ ಸಮಿತಿ ಅಲಬಾಮವನ್ನು ಬಿಟ್ಟು, ಬೇರೊಂದು ಕೂಟದಲ್ಲಿ 11 ಗೆದ್ದು 2 ಸೋತಿದ್ದ ಸದರ್ನ್ ಮೆಥಡಿಸ್ಟ್‌ಗೆ ಸ್ಥಾನ ಕೊಟ್ಟಿತು. ಕಠಿಣ ಪ್ರಶ್ನೆಪತ್ರಿಕೆಯ 9 ಅಂಕಕ್ಕೆ ಬೆಲೆಯಿಲ್ಲವೇ ಎಂಬುದು ದಕ್ಷಿಣದವರ ದೂರು. ಸೋಲು ಸೋಲೇ ಅಲ್ಲವೇ ಎಂಬುದು ಉಳಿದವರ ಮಾತು.

ಆಮೇಲೆ ಸದರ್ನ್ ಮೆಥಡಿಸ್ಟ್ ಮೊದಲ ಪಂದ್ಯದಲ್ಲೇ ಬಿಗ್ ಟೆನ್‌ನ ಪೆನ್ ಸ್ಟೇಟ್‌ಗೆ 38-10ರಲ್ಲಿ ಸೋತಿತು. ಟಸ್ಕಲೂಸಾ ಮೀಸೆ ತಿರುವುವ ಹೊತ್ತಿಗೆ, ಡಿಸೆಂಬರ್ 31ರಂದು, ಬಿಗ್ ಟೆನ್‌ನ ಮಿಷಿಗನ್ ಅಲಬಾಮವನ್ನೂ 19-13ರಲ್ಲಿ ಸೋಲಿಸಿತು. ಆ ಮಿಷಿಗನ್ ಅದಕ್ಕೆ ಮೊದಲು 12ರಲ್ಲಿ 5 ಪಂದ್ಯ ಸೋತಿದ್ದ ತಂಡ!

2025ರ ಸೆಪ್ಟೆಂಬರ್‌ನಲ್ಲಿ ಬಿಗ್ ಟೆನ್‌ನ ವಿಸ್ಕಾನ್ಸಿನ್ ಟಸ್ಕಲೂಸಾಕ್ಕೇ ಬಂತು. ಅಲಬಾಮ 38-14ರಲ್ಲಿ ಗೆದ್ದಾಗ ಡೇರೆಗಳಲ್ಲಿ ವಾದಕ್ಕೆ ಮತ್ತೆ ಕಳೆ ಬಂತು. ಆದರೆ ವಿಸ್ಕಾನ್ಸಿನ್ ಆ ಋತುವಿನ 12 ಪಂದ್ಯಗಳಲ್ಲಿ ಗೆದ್ದದ್ದು ನಾಲ್ಕೇ. ಉತ್ತರದವರಿಗೆ ಅಷ್ಟು ಸಾಕು.