ನಾಯಿಯೊಡನೆ ಕಬ್ಬನ್ ಪಾರ್ಕಿಗೆ

ಬೆಂಗಳೂರಿಗೆ ಬಂದ ನೆಂಟರಿಷ್ಟರನ್ನು ನಾವು ತಪ್ಪದೆ ಲಾಲ್‌ಬಾಗಿಗೆ ಕರೆದೊಯ್ಯುತ್ತೇವೆ. ಆದರೆ ಊರಿನವರು ಬೆಳಿಗ್ಗೆ ನಾಲ್ಕು ಹೆಜ್ಜೆ ನಡೆಯಲು ಎಲ್ಲಿಗೆ ಹೋಗುತ್ತೀರಿ ಅಂತ ಕೇಳಿ ನೋಡಿ, ಬಹಳ ಮಂದಿ ಹೇಳುವುದು ಕಬ್ಬನ್ ಪಾರ್ಕಿನ ಹೆಸರು. ಹಡ್ಸನ್ ವೃತ್ತದ ಗದ್ದಲ ದಾಟಿ ಒಳಗೆ ಕಾಲಿಟ್ಟರೆ ಸಾಕು, ಬಸ್ಸುಗಳ ಸದ್ದು ಹಿಂದೆ ಉಳಿಯುತ್ತದೆ. ಒಂದು ಕಡೆ ಬಿದಿರು ಮೆಳೆ, ಇನ್ನೊಂದು ಕಡೆ ಕೊಡೆ ಬಿಚ್ಚಿದಂತೆ ನಿಂತ ಮಳೆಮರಗಳು. ಕೆಂಪು ಬಣ್ಣದ ಶೇಷಾದ್ರಿ ಅಯ್ಯರ್ ಸ್ಮಾರಕ ಭವನದೊಳಗೆ ಗ್ರಂಥಾಲಯ. ಹಳೆಯ ಬ್ಯಾಂಡ್ ಸ್ಟ್ಯಾಂಡ್, ಮಕ್ಕಳ ಬಾಲಭವನ, ಮರಗಳ ನಡುವೆ ಇಣುಕುವ ಅಠಾರಾ ಕಚೇರಿ. ಚಳಿ ಕಳೆಯುವ ಹೊತ್ತಿಗೆ ಟಬೂಬಿಯಾ ಮರಗಳು ಎಲೆ ಉದುರಿಸಿ ಮೈತುಂಬ ಗುಲಾಬಿ ಹೂ ಮುಡಿದು ನಿಲ್ಲುತ್ತವೆ. ನೋಡಲು ಎರಡು ಕಣ್ಣು ಸಾಲದು.

ಆದರೆ ಈ ಸಲ ನಿಮ್ಮನ್ನು ಅಲ್ಲಿಗೆ ಕರೆದೊಯ್ಯುತ್ತಿರುವುದು ಹೂವು ತೋರಿಸಲಿಕ್ಕಲ್ಲ, ಕಟ್ಟಡ ತೋರಿಸಲಿಕ್ಕೂ ಅಲ್ಲ. ನಿಮ್ಮ ಮನೆಯಲ್ಲಿ ಒಂದು ನಾಯಿ ಇದೆ ಅಂತ ಇಟ್ಟುಕೊಳ್ಳಿ. ಅದನ್ನೂ ಕರೆದುಕೊಂಡು ಹೊರಡೋಣ. ನಾಯಿ ಇಲ್ಲದವರೂ ಜೊತೆಗೆ ಬನ್ನಿ, ನಿಮಗೂ ಹೇಳುವ ಮಾತಿದೆ.

ಮೊದಲು ಈ ತೋಟ ಯಾರದು ಅಂತ ತಿಳಿಯೋಣ. 1870ರಲ್ಲಿ ಮೈಸೂರು ಸಂಸ್ಥಾನದ ಮುಖ್ಯ ಎಂಜಿನಿಯರ್ ಆಗಿದ್ದ ರಿಚರ್ಡ್ ಸ್ಯಾಂಕಿ ಇದನ್ನು ರೂಪಿಸಿದರು. ಆಗಿನ ಕಮಿಷನರ್ ಮೀಡ್ ಅವರ ಹೆಸರಿನಲ್ಲಿ ಮೊದಲು ಮೀಡ್ಸ್ ಪಾರ್ಕ್, ಆಮೇಲೆ ಹಿಂದಿನ ಕಮಿಷನರ್ ಮಾರ್ಕ್ ಕಬ್ಬನ್ ಹೆಸರಿನಲ್ಲಿ ಕಬ್ಬನ್ ಪಾರ್ಕ್ ಎಂದಾಯಿತು. ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಗೆ 25 ವರ್ಷ ತುಂಬಿದಾಗ, 1927ರಲ್ಲಿ, ಶ್ರೀ ಚಾಮರಾಜೇಂದ್ರ ಉದ್ಯಾನ ಎಂದು ಹೆಸರಿಟ್ಟರು. ಕಾಗದಪತ್ರದಲ್ಲಿ ಇಂದಿಗೂ ಅದೇ ಹೆಸರು. ಈಗ ಸುಮಾರು 300 ಎಕರೆಯ ಈ ತೋಟವನ್ನು ನೋಡಿಕೊಳ್ಳುವುದು ತೋಟಗಾರಿಕೆ ಇಲಾಖೆ. ಹೆಸರು ಕಮಿಷನರ್‌ಗಳದೂ ಮಹಾರಾಜರದೂ ಆದರೂ, ತೋಟ ಮಾತ್ರ ನಮ್ಮೆಲ್ಲರದು. ಕಷ್ಟ ಬರುವುದೂ ಅಲ್ಲಿಯೇ. ಎಲ್ಲರದು ಅಂದಾಗ ನನ್ನದು ಅಂತ ಹಕ್ಕು ಹೇಳುವವರು ಬಹಳ, ನನ್ನ ಕೆಲಸ ಅಂತ ಗುಡಿಸುವವರು ಕಡಿಮೆ.

ಬೆಳಗಿನ ಆರೂವರೆ ಹೊತ್ತಿಗೆ ಅಲ್ಲಿ ಯಾರು ಯಾರು ಬರುತ್ತಾರೆ ನೋಡಿ. ಮಂಡಿನೋವಿಗೆ ಡಾಕ್ಟರು ನಡೆಯಲು ಹೇಳಿದ ಅಜ್ಜಿಯರು, ಮಗುವನ್ನು ತಳ್ಳುಗಾಡಿಯಲ್ಲಿ ಕೂರಿಸಿಕೊಂಡ ತಾಯಂದಿರು, ಓಡುವ ಹುಡುಗರು, ಮರದಡಿ ಪ್ರಾಣಾಯಾಮ ಮಾಡುವವರು, ಕುಕ್ಕರಗಾಲಲ್ಲಿ ಕೂತು ಬರಿಗೈಯಲ್ಲಿ ಕಳೆ ಕೀಳುವ ಹೆಂಗಸರು. ಇವರ ನಡುವೆ ನಾಯಿಗಳು. ಭಾನುವಾರ ಬಂತೆಂದರೆ ಕುಳ್ಳಗಾಲಿನ ಡ್ಯಾಷ್‌ಹೌಂಡಿನಿಂದ ಹಿಡಿದು ಕರುವಿನೆತ್ತರದ ಗ್ರೇಟ್ ಡೇನ್ ತನಕ, ಹೊಟ್ಟೆ ಸೊರಗಿದ ನಮ್ಮ ಮುಧೋಳದಿಂದ ಹಿಡಿದು ಬೀದಿಯಿಂದ ಎತ್ತಿ ತಂದು ಸಾಕಿದ ಕಂದುಬಣ್ಣದ ನಾಯಿಯ ತನಕ, ಒಂದು ಜಾತ್ರೆಯೇ ಸೇರುತ್ತದೆ.

ಈ ಜಾತ್ರೆ ಒಮ್ಮೆ ನಿಂತೇಹೋಗುವುದರಲ್ಲಿತ್ತು. ಬಳ್ಳಿ ಕಟ್ಟದೆ ನಾಯಿ ಬಿಡುತ್ತಾರೆ, ಹೊಲಸು ಮಾಡಿದರೆ ತೆಗೆಯುವುದಿಲ್ಲ ಎಂಬ ದೂರುಗಳು ಕೂಡುತ್ತಾ ಹೋಗಿ, 2022ರ ಜುಲೈ 1ರಿಂದ ಸಾಕುನಾಯಿಗಳಿಗೆ ಪ್ರವೇಶವಿಲ್ಲ ಎಂದು ಇಲಾಖೆ ಹೊರಟಿತು. ನಾಯಿ ಸಾಕಿದವರು ದೊಡ್ಡ ದನಿಯಲ್ಲಿ ವಿರೋಧಿಸಿದ ಮೇಲೆ ಆ ನಿರ್ಧಾರ ಕೈಬಿಟ್ಟರು. ಲಾಲ್‌ಬಾಗಿನ ಬಾಗಿಲು ಸಾಕುಪ್ರಾಣಿಗಳಿಗೆ ಮುಚ್ಚಿದೆ. ಕಬ್ಬನ್ ಪಾರ್ಕಿನ ಬಾಗಿಲು ಕೂದಲೆಳೆಯಲ್ಲಿ ಉಳಿಯಿತು. ಕೆಲವರ ಅಲಕ್ಷ್ಯಕ್ಕೆ ಎಲ್ಲರ ನಾಯಿಗಳೂ ದಂಡ ತೆರಬೇಕಾಗಿತ್ತು. ಒಮ್ಮೆ ಉಳಿದದ್ದು ಇನ್ನೊಮ್ಮೆಯೂ ಉಳಿಯುತ್ತದೆ ಅನ್ನೋ ಭರವಸೆ ಏನು? ಅದು ನಮ್ಮ ನಡತೆಯ ಮೇಲಿದೆ.

ಪಾರ್ಕಿನಲ್ಲಿ ಎಷ್ಟೋ ಸಲ ಕಿವಿಗೆ ಬೀಳುವ ಒಂದು ಮಾತಿದೆ: “ಹೆದರ್ಕೋಬೇಡಿ, ನಮ್ದು ಏನೂ ಮಾಡಲ್ಲಾರೀ!” ಹೇಳುವವರು ನಗುನಗುತ್ತಾ ದೂರದಿಂದ ಹೇಳುತ್ತಾರೆ. ನಾಯಿ ಆಗಲೇ ಎದುರಿನವರ ಸೀರೆ ನೆರಿಗೆಗೆ ಮೂಗು ತಾಗಿಸಿರುತ್ತದೆ. ಸ್ವಲ್ಪ ಯೋಚಿಸಿ. ನಿಮ್ಮ ನಾಯಿ ಏನೂ ಮಾಡದು ಎಂಬುದು ನಿಮಗೆ ಗೊತ್ತು, ಎದುರಿನವರಿಗೆ ಹೇಗೆ ಗೊತ್ತಾಗಬೇಕು? ಚಿಕ್ಕಂದಿನಲ್ಲಿ ಕಚ್ಚಿಸಿಕೊಂಡವರು ಇರುತ್ತಾರೆ. ರೇಬೀಸ್ ರೋಗದ ಲಕ್ಷಣ ಕಾಣಿಸಿಕೊಂಡ ಮೇಲೆ ಉಳಿಯುವವರು ಇಲ್ಲವೆಂದೇ ಹೇಳಬೇಕು. ಮನುಷ್ಯರಿಗೆ ಅದು ತಗಲುವುದು ಬಹುಪಾಲು ನಾಯಿಯಿಂದಲೇ. ಇಂಥ ದೇಶದಲ್ಲಿ ನಾಯಿಗೆ ಹೆದರುವುದು ಹೇಡಿತನವಲ್ಲ, ಅದಕ್ಕೆ ಕಾರಣವಿದೆ. ಇನ್ನು ಕಚ್ಚಲೇಬೇಕು ಅಂತಿಲ್ಲ. ಪ್ರೀತಿಯಿಂದ ಮೈಮೇಲೆ ಹಾರಿದರೂ ಎಪ್ಪತ್ತು ವರ್ಷದ ಅಜ್ಜಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡರೆ, ನಿಮ್ಮ ನಾಯಿಯ ಒಳ್ಳೆಯ ಮನಸ್ಸಿನಿಂದ ಆಕೆಗೆ ಏನು ಬಂತು?

ಆದ್ದರಿಂದ ಬಳ್ಳಿ. ಅದು ಅಪನಂಬಿಕೆಯ ಗುರುತಲ್ಲ, ಎದುರಿನವರಿಗೆ ಕೊಡುವ ಮರ್ಯಾದೆ. ನಾಲ್ಕರಿಂದ ಆರು ಅಡಿಯ ಗಟ್ಟಿ ಬಳ್ಳಿ ಸಾಕು. ಗುಂಡಿ ಒತ್ತಿದರೆ ಉದ್ದಕ್ಕೆ ಬಿಚ್ಚಿಕೊಳ್ಳುವ ದಾರ ಜನಸಂದಣಿಯಲ್ಲಿ ಬೇಡ, ಓಡುವವರ ಕಾಲಿಗೆ ಸಿಕ್ಕಿಕೊಳ್ಳುತ್ತದೆ. ಯಾರಾದರೂ ಎದುರು ಬಂದಾಗ ಬಳ್ಳಿ ಗಿಡ್ಡ ಮಾಡಿ, ನೀವು ದಾರಿಯ ಅಂಚಿಗೆ ಸರಿದು, ನಾಯಿ ನಿಮ್ಮ ಹೊರಮಗ್ಗುಲಲ್ಲಿ ಇರುವಂತೆ ನಿಲ್ಲಿ. “ಏನೂ ಮಾಡಲ್ಲ” ಅನ್ನುವ ಬದಲು “ಹಿಡ್ಕೊಂಡಿದೀನಿ, ನೀವು ಹೋಗಿ” ಅನ್ನಿ. ಮೊದಲನೆಯ ಮಾತಿನಲ್ಲಿ ಹೆದರಿದವರದೇ ತಪ್ಪು ಎಂಬ ಧ್ವನಿ ಇದೆ. ಎರಡನೆಯದರಲ್ಲಿ ಹೊಣೆ ನಿಮ್ಮದು.

ಮುಧೋಳ ತಳಿ ಸಾಕಿದವರಿಗೆ ಈ ಮಾತು ಇನ್ನೂ ಮುಖ್ಯ. ಬಾಗಲಕೋಟೆ ಜಿಲ್ಲೆಯ ಈ ಬೇಟೆನಾಯಿ ಕಣ್ಣಿಗೆ ಕಂಡದ್ದನ್ನು ಬೆನ್ನಟ್ಟಲೆಂದೇ ಬೆಳೆದ ತಳಿ. 2005ರಲ್ಲಿ ಅಂಚೆಚೀಟಿಯ ಮೇಲೂ ಬಂದ ನಮ್ಮ ಹೆಮ್ಮೆ ಅದು. ಪಾರ್ಕಿನಲ್ಲಿ ಒಂದು ಅಳಿಲು ಓಡಿತೋ, ನೀವು ಹೆಸರು ಕರೆಯುವುದರೊಳಗೆ ಅದು ಮರಗಳಾಚೆ ಇರುತ್ತದೆ. ಅದು ಅದರ ಹುಟ್ಟುಗುಣ, ತಪ್ಪಲ್ಲ. ಬಿಟ್ಟವರದು ತಪ್ಪು. ನಾಯಿಬಾಲ ಡೊಂಕು ಅಂತ ಗಾದೆ ಮಾಡಿದ್ದೇವೆ, ಆದರೆ ಡೊಂಕು ಎಷ್ಟೋ ಸಲ ಬಳ್ಳಿಯ ಈ ತುದಿಯಲ್ಲಿರುತ್ತದೆ! ಬಿಟ್ಟು ಆಡಿಸುವ ಆಸೆಯಿದ್ದರೆ ನಾಯಿಗಳಿಗೆಂದೇ ಬಿಟ್ಟುಕೊಟ್ಟ ಜಾಗ ಕಬ್ಬನ್ ಪಾರ್ಕಿನಲ್ಲಿದೆ. ಫಲಕದಲ್ಲಿ ಬರೆದಿರುವ ವೇಳೆ, ನಿಯಮ ಓದಿಕೊಂಡು ಅಲ್ಲಿಗೆ ಹೋಗಿ.

ಪಾರ್ಕಿನಲ್ಲೇ ಹುಟ್ಟಿ ಬೆಳೆದ ನಾಯಿಗಳೂ ಇವೆ. ಕಿವಿಯ ತುದಿ ‘ವಿ’ ಆಕಾರದಲ್ಲಿ ಕತ್ತರಿಸಿದ್ದರೆ, ಆ ನಾಯಿಗೆ ಸಂತಾನಹರಣ ಚಿಕಿತ್ಸೆಯೂ ರೇಬೀಸ್ ಲಸಿಕೆಯೂ ಆಗಿದೆ ಎಂದರ್ಥ. ಅವಕ್ಕೆ ಅದು ಮನೆ, ನಿಮ್ಮ ನಾಯಿ ಅತಿಥಿ. ಅವು ಮಲಗಿರುವ ಕಡೆ ನುಗ್ಗದೆ ಸುತ್ತಿ ಹೋದರೆ ಅರ್ಧ ಜಗಳ ತಪ್ಪುತ್ತದೆ. ಬೆದೆಗೆ ಬಂದ ಹೆಣ್ಣುನಾಯಿಯನ್ನು ಆ ಮೂರು ವಾರ ಪಾರ್ಕಿಗೆ ತರಲೇಕೂಡದು.

ಈಗ ಮೂಗು ಮುರಿಯುವ ವಿಷಯ. ಮಗುವಿನ ಬಟ್ಟೆ ಒಗೆದ ಕೈಗಳು ನಮ್ಮವು, ಇದಕ್ಕೆ ನಾಚಿಕೆ ಯಾಕೆ? “ಮಣ್ಣಿಗೆ ಗೊಬ್ಬರ ಆಗತ್ತೆ ಬಿಡ್ರೀ” ಎನ್ನುವವರಿದ್ದಾರೆ. ಆಗುವುದಿಲ್ಲ. ಹುಲ್ಲು ತಿನ್ನುವ ಹಸುವಿನ ಸಗಣಿಯೇ ಬೇರೆ, ನಾಯಿಯದೇ ಬೇರೆ. ನಾಯಿಯ ಹೊಟ್ಟೆಯ ದುಂಡುಹುಳುವಿನ ಮೊಟ್ಟೆಗಳು ಮಣ್ಣಿನಲ್ಲಿ ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷಗಟ್ಟಲೆ ಉಳಿಯುತ್ತವೆ. ಆ ಮಣ್ಣಿನಲ್ಲಿ ಆಡಿದ ಮಗು ಕೈ ಬಾಯಿಗಿಟ್ಟರೆ ಹುಳುವಿನ ಮರಿ ಮೈಯೊಳಗೆ ಸೇರಿ ಯಕೃತ್ತಿಗೆ, ಅಪರೂಪಕ್ಕೆ ಕಣ್ಣಿಗೂ ತೊಂದರೆ ಕೊಟ್ಟೀತು. ಕೊಕ್ಕೆಹುಳುವಿನ ಮರಿಯಂತೂ ಬರಿಗಾಲಿನ ಚರ್ಮವನ್ನೇ ಕೊರೆದು ಒಳಹೊಗುತ್ತದೆ. ಬರಿಗೈಯಲ್ಲಿ ಕಳೆ ಕೀಳುವ ಆ ಹೆಂಗಸರನ್ನು ನೆನೆಸಿಕೊಳ್ಳಿ. ನಿಮ್ಮ ನಾಯಿಯ ಹೊಲಸಿಗೆ ಮೊದಲು ಕೈ ತಾಗುವುದು ಅವರದು.

ಒಂದು ಸಮಾಧಾನದ ಸಂಗತಿಯಿದೆ. ದುಂಡುಹುಳುವಿನ ಮೊಟ್ಟೆ ಬಿದ್ದ ಕ್ಷಣವೇ ಅಂಟುವುದಿಲ್ಲ. ಮಣ್ಣಿನಲ್ಲಿ ಎರಡು ಮೂರು ವಾರ ಬಲಿತ ಮೇಲೆಯೇ ಅದು ಅಪಾಯ. ಆದ್ದರಿಂದ ಆಗಿಂದಾಗಲೇ ಎತ್ತಿ ಬಿಟ್ಟರೆ ದೊಡ್ಡ ಕೇಡು ಅಲ್ಲಿಗೇ ತಪ್ಪಿತು. ಹಳೆಯ ದಿನಪತ್ರಿಕೆಯ ಹಾಳೆಯನ್ನು ನಾಲ್ಕಾಗಿ ಮಡಚಿ ನಾಲ್ಕೈದು ಸದಾ ಚೀಲದಲ್ಲಿಡಿ. ಒಂದು ಹಾಳೆಯಿಂದ ಎತ್ತಿ, ಇನ್ನೊಂದರಲ್ಲಿ ಸುತ್ತಿ ಕಸದ ತೊಟ್ಟಿಗೆ ಹಾಕಿ. ತೊಟ್ಟಿ ಕಾಣದಿದ್ದರೆ ಮನೆಗೆ ತನ್ನಿ, ಪೊದೆಯ ಮರೆಗೆ ಎಸೆಯಬೇಡಿ. ಬೆಳಿಗ್ಗೆ ಮನೆಯ ಬಳಿಯೇ ಒಂದು ಸುತ್ತು ನಡೆಸಿ, ಶೌಚ ಮುಗಿಸಿ, ಎತ್ತಿ ಹಾಕಿ ಹೊರಟರೆ ಇನ್ನೂ ಉತ್ತಮ.

ಮನೆಯೊಡತಿಯರಿಗೆ ಇನ್ನೊಂದು ಮಾತು ಹೇಳಲೇಬೇಕು. ಯಜಮಾನ ನಾಯಿಗೆ ಹೇಳಿದ, ನಾಯಿ ಬಾಲಕ್ಕೆ ಹೇಳಿತು ಅನ್ನೋ ಗಾದೆ ನಿಮಗೆ ಗೊತ್ತೇ ಇದೆ. ಎಷ್ಟೋ ಮನೆಗಳಲ್ಲಿ ನಾಯಿ ಸಾಕುವ ಆಸೆ ಮಕ್ಕಳದು, ಫೋಟೋ ತೆಗೆಯುವುದು ಯಜಮಾನರು, ಬಳ್ಳಿ ಹಿಡಿದು ಪಾರ್ಕಿಗೆ ಬರುವುದು ಮಾತ್ರ ಮನೆಗೆಲಸದ ಹುಡುಗಿ. ತನ್ನಷ್ಟೇ ತೂಕದ ನಾಯಿಯನ್ನು ಎಳೆದು ನಿಲ್ಲಿಸಲು ಅವಳಿಂದ ಆದೀತೆ? ಎರಡು ನಾಯಿ ಕಚ್ಚಾಡಿದರೆ ನಡುವೆ ಕೈ ಹಾಕಬಾರದು ಅಂತ ಅವಳಿಗೆ ಯಾರಾದರೂ ಹೇಳಿದ್ದೀರಾ? ಹೊಲಸು ಎತ್ತಲು ಕಾಗದ ಕೊಟ್ಟು ಕಳಿಸಿದ್ದೀರಾ? ಜನ ಬೈದರೆ ಬೈಸಿಕೊಳ್ಳುವವಳು ಅವಳು, ಕಚ್ಚಿದರೆ ಕಚ್ಚಿಸಿಕೊಳ್ಳುವವಳೂ ಅವಳೇ. ಬೇರೆಯವರ ಕೈಗೆ ಬಳ್ಳಿ ಕೊಡುವುದಾದರೆ ನಾಲ್ಕು ದಿನ ನೀವೂ ಜೊತೆಗೆ ನಡೆದು ಕಲಿಸಿ. ಬಳ್ಳಿ ಕೈ ಬದಲಾಗಬಹುದು, ಹೊಣೆ ಬದಲಾಗದು. ಕಾನೂನೂ ಸುಮ್ಮನಿಲ್ಲ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 291ನೆಯ ಕಲಮಿನ ಪ್ರಕಾರ, ತನ್ನ ವಶದಲ್ಲಿರುವ ಪ್ರಾಣಿಯಿಂದ ಜನರ ಜೀವಕ್ಕೆ ಅಪಾಯವಾಗದಂತೆ, ತೀವ್ರ ಗಾಯವಾಗದಂತೆ ನೋಡಿಕೊಳ್ಳದೆ ಅಲಕ್ಷ್ಯ ಮಾಡಿದರೆ ಆರು ತಿಂಗಳವರೆಗೆ ಸೆರೆ, ಇಲ್ಲವೆ 5,000 ರೂಪಾಯಿವರೆಗೆ ದಂಡ, ಇಲ್ಲವೆ ಎರಡೂ ಆಗಬಹುದು.

ನಾಯಿ ಇಲ್ಲದವರೇ, ಈಗ ನಿಮ್ಮ ಸರದಿ. ಹೆದರಿಕೆ ಇದ್ದರೆ ನಾಚದೆ “ಸ್ವಲ್ಪ ಹಿಡ್ಕೊಳ್ಳಿ” ಅಂತ ಹೇಳಿ, ಅದು ನಿಮ್ಮ ಹಕ್ಕು. ಆದರೆ ಕಲ್ಲು ಎತ್ತಬೇಡಿ, ಕಿರುಚಿ ಓಡಬೇಡಿ, ಓಡುವುದನ್ನು ಅಟ್ಟುವುದು ನಾಯಿಯ ಸ್ವಭಾವ. ಮಕ್ಕಳಿಗೆ ‘ಮರದ ಆಟ’ ಕಲಿಸಿ: ಗೊತ್ತಿಲ್ಲದ ನಾಯಿ ಹತ್ತಿರ ಬಂದರೆ ಕೈ ಇಳಿಬಿಟ್ಟು, ಕಣ್ಣು ನೆಲದ ಕಡೆ ಇಟ್ಟು, ಮರದ ಹಾಗೆ ಅಲುಗದೆ ನಿಲ್ಲುವುದು. ಮೂಸಿ ನೋಡಿ ಅದು ತಾನೇ ಹೋಗುತ್ತದೆ. ಮುದ್ದಾಗಿದೆ ಅಂತ ಒಡೆಯರನ್ನು ಕೇಳದೆ ಮುಟ್ಟಕೂಡದು, ತಿನ್ನುವಾಗ ಮಲಗಿರುವಾಗ ಕೆಣಕಕೂಡದು. ಕೈಯಲ್ಲಿರುವ ತಿಂಡಿಯನ್ನು ಪ್ರೀತಿಯಿಂದ ಹಾಕಲೂ ಬೇಡಿ. ಚಾಕಲೇಟು, ಒಣದ್ರಾಕ್ಷಿ, ಈರುಳ್ಳಿ ನಾಯಿಗೆ ವಿಷ.

ಅಕಸ್ಮಾತ್ ಯಾವುದೇ ನಾಯಿ ಕಚ್ಚಿದರೆ, ಪರಚಿದರೂ ಸರಿಯೆ, ಜಗಳಕ್ಕೆ ನಿಲ್ಲುವ ಮೊದಲು ನಲ್ಲಿ ಹುಡುಕಿ. ಸೋಪು ಹಚ್ಚಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆಯಬೇಕು. ಅರಿಶಿನ, ಮೆಣಸಿನ ಪುಡಿ, ಸುಣ್ಣ, ಎಣ್ಣೆ ಯಾವುದನ್ನೂ ಹಚ್ಚಕೂಡದು, ಅವೆಲ್ಲ ಅಡಿಗೆಮನೆಯಲ್ಲೇ ಇರಲಿ. ಅದೇ ದಿನ ಆಸ್ಪತ್ರೆಗೆ ಹೋಗಿ, ವೈದ್ಯರು ಹೇಳಿದ ದಿನಗಳಂದು ಒಂದೂ ತಪ್ಪಿಸದೆ ಚುಚ್ಚುಮದ್ದು ಹಾಕಿಸಿಕೊಳ್ಳಿ. ನಾಯಿಯ ಒಡೆಯರು ಅಲ್ಲಿಂದ ಜಾರಿಕೊಳ್ಳದೆ ಲಸಿಕೆಯ ಚೀಟಿ ತೋರಿಸಿ, ಜೊತೆಗೆ ಆಸ್ಪತ್ರೆಗೂ ಹೋಗುವುದು ಮನುಷ್ಯತ್ವ.

ಹೊರಡುವ ಮುನ್ನ ಚೀಲ ಒಮ್ಮೆ ನೋಡಿಕೊಳ್ಳಿ. ಬಳ್ಳಿ, ನಿಮ್ಮ ಫೋನ್ ನಂಬರು ಬರೆದ ಕೊರಳಪಟ್ಟಿ, ಕಾಗದದ ಹಾಳೆ, ಕುಡಿಯುವ ನೀರು, ಒಂದು ಬಟ್ಟಲು, ಲಸಿಕೆ ಚೀಟಿಯ ಪ್ರತಿ. ರೇಬೀಸ್ ಲಸಿಕೆ ಮೂರು ತಿಂಗಳಿಗೆ ಶುರು, ಆಮೇಲೆ ಪಶುವೈದ್ಯರು ಹೇಳಿದಂತೆ. ಮರಿಗೆ ಎಲ್ಲ ಲಸಿಕೆಗಳೂ ಮುಗಿಯುವ ತನಕ ಪಾರ್ಕಿನ ನೆಲ ಬೇಡ, ಪಾರ್ವೋ ರೋಗದ ವಿಷಾಣು ಮಣ್ಣಿನಲ್ಲಿ ಬಹುಕಾಲ ಉಳಿಯುತ್ತದೆ. ಜಂತುಹುಳುವಿನ ಔಷಧಿ ಮರೆಯಬೇಡಿ. ಬೇಸಿಗೆಯಲ್ಲಿ ಬಿಸಿಲೇರುವ ಮೊದಲೇ ಹಿಂತಿರುಗಿ. ಟಾರು ರಸ್ತೆಗೆ ನಿಮ್ಮ ಮುಂಗೈ ಹಿಂಬದಿ ಇಟ್ಟು ಏಳು ಎಣಿಸಿ. ನಿಮಗೆ ತಡೆಯಲಾಗದಿದ್ದರೆ ಅದರ ಪಾದಕ್ಕೂ ಆಗದು.

ಇದು ಬೆಂಗಳೂರಿಗೆ ಮಾತ್ರ ಹೇಳಿದ್ದಲ್ಲ. ನಿಮ್ಮೂರು ಮೈಸೂರಾಗಲಿ, ಧಾರವಾಡವಾಗಲಿ, ಮಂಗಳೂರಾಗಲಿ, ಮೊದಲು ಬಾಗಿಲ ಫಲಕ ಓದಿ. ನಾಯಿ ಬೇಡ ಅಂತಿದ್ದರೆ ವಾದ ಬೇಡ. ಬನ್ನಿ ಅಂತಿದ್ದರೆ, ಆ ಮಾತು ನಾಳೆಯೂ ಅಲ್ಲೇ ಇರುವ ಹಾಗೆ ನಡೆದುಕೊಳ್ಳಿ. ಸ್ವರ್ಗದ ಬಾಗಿಲಲ್ಲಿ ನಾಯಿಯನ್ನು ಬಿಟ್ಟು ಬಾ ಎಂದಾಗ ಧರ್ಮರಾಯ ಒಪ್ಪಲಿಲ್ಲ ಎಂದು ನಾವು ಹೆಮ್ಮೆಯಿಂದ ಕಥೆ ಹೇಳುತ್ತೇವೆ. ಆತನ ಪ್ರೀತಿ ನಮಗೆ ಬಂದಿದೆ. ಅದರ ಜೊತೆಗಿನ ಧರ್ಮ ದಿನಕ್ಕೆ ಒಂದು ಬಳ್ಳಿ, ನಾಲ್ಕು ಹಾಳೆ ಕಾಗದ, ಅಷ್ಟೆ.